ತಲೆಗೆ ಪೆಟ್ಟಾದ ಮೇಲೆ ಮಗನ ಮಾತು ನಿಂತಿದೆ, ತಾನಾಗೇ ಬರುತ್ತೆ ಅಂತ ಕಾಯಬೇಕಾ?

ತರೀಕೆರೆ ಅಮ್ಮ:

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 8 ವರ್ಷ, ಮೂರನೇ ಕ್ಲಾಸು. ಎರಡೂವರೆ ತಿಂಗಳ ಹಿಂದೆ ಅವರಪ್ಪನ ಜೊತೆ ಬೈಕಲ್ಲಿ ಬರುವಾಗ ಬಿದ್ದು ತಲೆಯ ಎಡಭಾಗಕ್ಕೆ ಜೋರು ಪೆಟ್ಟಾಯಿತು. ಒಳಗೆ ರಕ್ತ ಹೆಪ್ಪುಗಟ್ಟಿದೆ ಅಂತ ಆಪರೇಷನ್ ಮಾಡಿದರು, ಹತ್ತು ದಿನ ಐಸಿಯು. ಈಗ ನಡೆಯುತ್ತಾನೆ, ಊಟ ಮಾಡುತ್ತಾನೆ, ಬಲಗೈ ಸ್ವಲ್ಪ ನಿಧಾನ. ಆದರೆ ಮಾತು ಹೋಗಿದೆ.

ಮೊದಲ ಮೂರು ವಾರ ಬಾಯಿಂದ ಒಂದು ಶಬ್ದವೂ ಬರಲಿಲ್ಲ. ಈಗ ಅಮ್ಮ, ಬೇಡ, ಹೂಂ, ಇಷ್ಟು ಬರುತ್ತದೆ. ನಿನ್ನೆ ಬಾಯಾರಿಕೆ ಆಗಿ ಚೊಂಬು ತೋರಿಸಿ "ಅಮ್ಮ... ಅದು... ಅದು" ಅಂದ, ನೀರು ಅನ್ನುವ ಪದ ಸಿಗಲೇ ಇಲ್ಲ, ಕೊನೆಗೆ ಚೊಂಬನ್ನು ನೆಲಕ್ಕೆ ಕುಕ್ಕಿ ಅತ್ತುಬಿಟ್ಟ. ಅದೇ ದಿನ ಸಂಜೆ ಅವನ ಅಜ್ಜಿ ಸುಮ್ನೆ ಎರಡರ ಮಗ್ಗಿ ಶುರು ಮಾಡಿದರೆ, ಎರಡೊಂದ್ಲ ಎರಡು ಅಂತ ಹಿಡಿದು ಎರಡ್ಹತ್ಲ ಇಪ್ಪತ್ತರ ತನಕ ಒಂದೇ ಉಸಿರಿಗೆ ಹೇಳಿದ. ನಮಗೆ ತಲೆಬುಡ ಅರ್ಥವಾಗುತ್ತಿಲ್ಲ. ಮಾತು ಒಳಗಿದೆಯಾ ಇಲ್ವಾ?

ಡಿಸ್ಚಾರ್ಜ್ ಮಾಡುವಾಗ "ಚಿಕ್ಕ ಮಗು ಅಲ್ವಾ, ತಾನಾಗೇ ಬರುತ್ತೆ" ಅಂದರು. ಸ್ಪೀಚ್ ಥೆರಪಿ ಅಂತ ಯಾರೂ ಹೇಳಲಿಲ್ಲ. ಮನೆಯಲ್ಲಿ ಕನ್ನಡ, ಅಜ್ಜಿ ಜೊತೆ ತೆಲುಗು, ಶಾಲೆಯಲ್ಲಿ ಇಂಗ್ಲಿಷ್. ನೆಂಟರೊಬ್ಬರು ಮಗುವಿಗೆ ಗೊಂದಲ ಆಗುತ್ತೆ, ಇನ್ನು ಇಂಗ್ಲಿಷ್ ಒಂದೇ ಮಾತಾಡಿ ಅಂತಿದ್ದಾರೆ. ಕಾಯಬೇಕಾ, ಎಲ್ಲಿಗಾದರೂ ಹೋಗಬೇಕಾ, ಮನೆಯಲ್ಲಿ ನಾವು ಏನು ಮಾಡಬಹುದು? ಗೊತ್ತಿರುವವರು ದಯವಿಟ್ಟು ಹೇಳಿ.

ಹಾಸನದ ಅಪ್ಪ:

ಅಕ್ಕ, ಕಾಯಬೇಡಿ. ನಾವು ಕಾಯಲಿಲ್ಲ, ಆದರೆ ಬೇಗ ನಿಲ್ಲಿಸಿಬಿಟ್ಟೆವು, ಅದನ್ನೇ ಹೇಳೋಣ ಅಂತ ಬರೆಯುತ್ತಿದ್ದೇನೆ.

ನನ್ನ ಮಗಳು 5 ವರ್ಷದವಳಿದ್ದಾಗ ಮಹಡಿ ಮೆಟ್ಟಿಲಿಂದ ಬಿದ್ದಳು. ಅವಳಿಗೂ ಹೀಗೇ ಆಗಿತ್ತು. ಥೆರಪಿ ಶುರು ಮಾಡಿ ಏಳೆಂಟು ತಿಂಗಳಲ್ಲಿ ವಾಕ್ಯ ಮಾಡಿ ಮಾತಾಡಲು ಶುರು ಮಾಡಿದಳು, ಮನೆಯಲ್ಲಿ ಹಬ್ಬದ ಸಂಭ್ರಮ, ಸರಿಹೋಯಿತು ಅಂದುಕೊಂಡು ಹೋಗುವುದನ್ನೇ ಬಿಟ್ಟೆವು. ನಾಲ್ಕನೇ ಕ್ಲಾಸಿಗೆ ಬಂದಾಗ ಗೊತ್ತಾಯಿತು. ಪಾಠ ಓದುತ್ತಾಳೆ, ಏನು ಓದಿದೆ ಅಂದರೆ ಹೇಳಲು ಆಗುವುದಿಲ್ಲ. ಬಾಯಿಲೆಕ್ಕ ಬರುತ್ತದೆ, ಅದೇ ಲೆಕ್ಕವನ್ನು ನಾಲ್ಕು ಸಾಲಿನಲ್ಲಿ ಬರೆದು ಕೊಟ್ಟರೆ ಸುಮ್ನೆ ಕೂರುತ್ತಾಳೆ. ಬರೆಯುವಾಗ ಒತ್ತಕ್ಷರ ಬಿಟ್ಟುಹೋಗುತ್ತಿತ್ತು, "ಅಕ್ಕ" ಅಂತ ಬರೆಯಲು ಹೋಗಿ "ಅಕ" ಅಂತ ಬರೆದು, ಏನೋ ತಪ್ಪಾಗಿದೆ ಅಂತ ತಾನೇ ಅಳಿಸಿ ಅಳಿಸಿ ಹಾಳೆ ತೂತು ಮಾಡುತ್ತಿದ್ದಳು. ಶಾಲೆಯಲ್ಲಿ ಸೋಮಾರಿ ಅಂದರು. ನಾನೂ ಎರಡು ಸಲ ಬೈದಿದ್ದೇನೆ, ಅದು ಇವತ್ತಿಗೂ ಮನಸ್ಸಿನಲ್ಲಿ ಉಳಿದಿದೆ.

ಮತ್ತೆ ಥೆರಪಿಗೆ ಹೋದೆವು. ಈಗ 12 ವರ್ಷ, ಓದು ನಿಧಾನ, ಆದರೆ ಸಾಗುತ್ತಿದೆ. ಮಾತು ಬಂತು ಅಂದ ತಕ್ಷಣ ನಿಲ್ಲಿಸಬೇಡಿ ಅಕ್ಕ.

ವಾಕ್ ಚಿಕಿತ್ಸಕಿ, ಮೈಸೂರು:

ನಾನು 14 ವರ್ಷದಿಂದ ಸ್ಪೀಚ್ ಥೆರಪಿ ಮಾಡುತ್ತಿದ್ದೇನೆ. ಮಗುವನ್ನು ನೋಡದೆ ಹೀಗೇ ಅಂತ ಹೇಳಲಾರೆ, ಆದರೆ ನೀವು ಬರೆದಿರುವುದು ಅಫೇಸಿಯಾ ಥರ ಇದೆ, ಅಂದರೆ ಮೆದುಳಿಗೆ ಪೆಟ್ಟಾಗಿ ಭಾಷೆಗೇ ತೊಂದರೆ ಆಗುವುದು. ನಾಲಿಗೆ ತುಟಿಯ ಬಲ ಕಡಿಮೆಯಾಗಿ ಮಾತು ತೊದಲುವುದು ಬೇರೆ ತೊಂದರೆ. ಅಫೇಸಿಯಾದಲ್ಲಿ ನಾಲಿಗೆ ಸರಿಯಿದ್ದರೂ ಪದ ಸಿಗುವುದಿಲ್ಲ. ಹೆಚ್ಚಿನವರಲ್ಲಿ ಭಾಷೆಯ ಕೆಲಸ ಮಾಡುವುದು ಮೆದುಳಿನ ಎಡಭಾಗ. 1861ರಲ್ಲಿ ಪ್ಯಾರಿಸ್‌ನಲ್ಲಿ ಪಾಲ್ ಬ್ರೋಕಾ ಅನ್ನುವ ವೈದ್ಯರು "ಟಾನ್" ಅನ್ನುವ ಒಂದೇ ಶಬ್ದ ಉಳಿದಿದ್ದ ರೋಗಿಯ ಮೆದುಳನ್ನು, ಅವನು ಸತ್ತ ಮೇಲೆ ನೋಡಿದಾಗ ಹಾಳಾಗಿದ್ದದ್ದು ಎಡಗಡೆ ಮುಂಭಾಗ. ನಿಮ್ಮ ಮಗನ ಬಲಗೈ ನಿಧಾನ ಆಗಿರುವುದೂ ಎಡಗಡೆ ಪೆಟ್ಟಿನಿಂದಲೇ ಇರಬಹುದು, ಏಕೆಂದರೆ ದೇಹದ ಬಲಭಾಗವನ್ನು ನಡೆಸುವುದೂ ಅದೇ ಭಾಗ.

ಮಗ್ಗಿ ವಿಷಯ ಕೇಳಿದಿರಲ್ಲ. ಮಗ್ಗಿ, ವಾರದ ಹೆಸರು, ಭಜನೆ, ಇವೆಲ್ಲ ಬಾಯಿಪಾಠವಾಗಿ ಒಂದೇ ಸರಪಳಿಯ ಹಾಗೆ ಬರುತ್ತವೆ, ಒಂದೊಂದು ಪದವನ್ನೂ ಹುಡುಕಿ ತೆಗೆಯಬೇಕಾಗಿಲ್ಲ. ನೀರು ಬೇಕಾದಾಗ ನೀರು ಅನ್ನಲು ಹುಡುಕಲೇಬೇಕು. ಅದಕ್ಕೇ ಒಂದು ಬರುತ್ತದೆ, ಇನ್ನೊಂದು ಬರುವುದಿಲ್ಲ. ಮಗು ಹಟ ಮಾಡುತ್ತಿದೆ ಅಂತ ಮನೆಯವರು ದಯವಿಟ್ಟು ಅಂದುಕೊಳ್ಳಬೇಡಿ, ಮಗ್ಗಿ ಹೇಳ್ತೀಯ ನೀರು ಅನ್ನಕ್ಕಾಗಲ್ವಾ ಅಂತ ಬೈಸಿಕೊಂಡ ಮಕ್ಕಳನ್ನು ನಾನು ತುಂಬಾ ನೋಡಿದ್ದೇನೆ.

"ತಾನಾಗೇ ಬರುತ್ತೆ" ಅನ್ನುವ ಮಾತು ಹಳೆಯದು. ಮಕ್ಕಳ ಮೆದುಳು ಹೊಂದಿಕೊಳ್ಳುತ್ತದೆ, ಎಷ್ಟೋ ಸಲ ಬಲಭಾಗ ಒಂದಿಷ್ಟು ಕೆಲಸ ವಹಿಸಿಕೊಳ್ಳುತ್ತದೆ, ಅದು ನಿಜ. ಅದನ್ನೇ ಹಿಡಿದು ಮಕ್ಕಳು ಪೂರ್ತಿ ಸರಿಹೋಗುತ್ತಾರೆ ಅಂತ ಒಂದು ಕಾಲದಲ್ಲಿ ನಂಬಿದ್ದರು. ಆಮೇಲೆ ಅಂಥ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗ, ಮಾತು ಬಂದರೂ ಪದ ಹುಡುಕುವುದು, ಓದು, ಬರಹ, ಉದ್ದದ ವಾಕ್ಯ, ಇವುಗಳಲ್ಲಿ ತೊಂದರೆ ಉಳಿಯುವುದು ಕಂಡಿತು. ಮೇಲೆ ಹಾಸನದವರು ಬರೆದಿರುವುದು ಅದನ್ನೇ. ಮೊದಲ ಕೆಲವು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ಈಗಲೇ ಶುರು ಮಾಡಿ.

ಮೊದಲು ಕಿವಿ ಪರೀಕ್ಷೆ ಮಾಡಿಸಿ. ತಲೆಗೆ ಪೆಟ್ಟಾದಾಗ ಕಿವಿಗೂ ಏಟಾಗಿರಬಹುದು, ಕೇಳದಿದ್ದರೆ ಯಾವ ಥೆರಪಿಯೂ ಹತ್ತುವುದಿಲ್ಲ. ಬಂದ ಮಾತು ಮತ್ತೆ ಕಡಿಮೆಯಾದರೆ, ಇದ್ದಕ್ಕಿದ್ದಂತೆ ಕಣ್ಣು ನೆಟ್ಟು ನಿಂತರೆ ನರರೋಗ ವೈದ್ಯರ ಹತ್ತಿರ ತಡ ಮಾಡದೆ ಹೋಗಿ, ಫಿಟ್ಸ್ ಇದೆಯಾ ಅಂತ ಇಇಜಿ (ತಲೆಗೆ ತಂತಿ ಅಂಟಿಸಿ ಮೆದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ) ಮಾಡಿ ನೋಡುತ್ತಾರೆ.

ಮನೆಯಲ್ಲಿ ಒಂದೇ ಸಲ ಒಂದು ಗಂಟೆ ಕೂರಿಸಬೇಡಿ. ಪೆಟ್ಟಾದ ಮೆದುಳು ಬೇಗ ಸುಸ್ತಾಗುತ್ತದೆ. ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ, ಟಿವಿ ಆಫ್ ಮಾಡಿ. ಅವನು ಪದ ಹುಡುಕುವಾಗ ಮನಸ್ಸಿನಲ್ಲೇ ಹತ್ತು ಎಣಿಸಿ, ಅಲ್ಲಿಯತನಕ ನೀವು ಬಾಯಿ ಹಾಕಬೇಡಿ. ಸಿಗದಿದ್ದರೆ ಸುಳಿವು ಕೊಡಿ, "ಬಾಯಾರಿದಾಗ ಕುಡಿಯೋದು, ಕೊಡದಲ್ಲಿ ಇರುತ್ತೆ" ಅಂತ. ಆಗಲೂ ಇಲ್ಲವಾ, "ನೀ..." ಅಂತ ಮೊದಲ ಅಕ್ಷರ ಕೊಡಿ. ಅದಕ್ಕೂ ಬರದಿದ್ದರೆ "ನೀರಾ, ಹಾಲಾ?" ಅಂತ ಕೇಳಿ ನೀರು ಕೊಟ್ಟುಬಿಡಿ. ಹೇಳಿದರೆ ಮಾತ್ರ ಕೊಡ್ತೀನಿ ಅಂತ ಮಾತ್ರ ಹಿಡಿದಿಡಬೇಡಿ, ಆ ಚೊಂಬು ಕುಕ್ಕಿದ ಸಿಟ್ಟು ಅಲ್ಲಿಂದಲೇ ಬರುವುದು.

"ನೀರು" ಅಂದರೆ ನೀವು "ನೀರು ಬೇಕು" ಅನ್ನಿ. "ಮನೆ ಹೋಗು" ಅಂದರೆ ತಿದ್ದದೆ "ಹೂಂ, ಮನೆಗೆ ಹೋಗೋಣ" ಅನ್ನಿ. ಇಂಥ ಮಕ್ಕಳ ಕನ್ನಡದಲ್ಲಿ ಗೆ, ಅಲ್ಲಿ, ಇಂದ ಇಂಥ ಪ್ರತ್ಯಯಗಳು ಬಿದ್ದುಹೋಗುವುದು ಜಾಸ್ತಿ, ಅವನ್ನು ಅವನ ಕಿವಿಗೆ ಹಾಕುತ್ತಾ ಇರಬೇಕು. ಊಟ, ನೀರು, ಬಾತ್‌ರೂಮು, ನೋವು, ಅಜ್ಜಿ, ಆಟ, ಇವುಗಳ ಫೋಟೋ ತೆಗೆದು ಒಂದು ರಟ್ಟಿಗೆ ಅಂಟಿಸಿ ಅವನ ಕೈಗೆ ಸಿಗುವ ಹಾಗೆ ತೂಗುಹಾಕಿ. ಚಿತ್ರ ತೋರಿಸುವುದು ಅಭ್ಯಾಸವಾದರೆ ಮಾತಾಡುವುದೇ ಇಲ್ಲ ಅಂತ ಹೆದರಬೇಡಿ, ಮಾತಿಗೆ ಅದರಿಂದ ಅಡ್ಡಿ ಇಲ್ಲ, ಸಿಟ್ಟು ಇಳಿಯುತ್ತದೆ.

ಇನ್ನು ಭಾಷೆ. ಕನ್ನಡ ಬಿಡಬೇಡಿ. ಅಪಘಾತಕ್ಕೆ ಮೊದಲು ಅವನು ಹೆಚ್ಚು ಮಾತಾಡಿದ್ದು ಯಾವುದೋ, ಅಮ್ಮನ ಬಾಯಲ್ಲಿ ಸಲೀಸಾಗಿ ಬರುವುದು ಯಾವುದೋ, ಅದರಿಂದಲೇ ಶುರು. ಅಜ್ಜಿಯ ತೆಲುಗೂ ಇರಲಿ. ಇಂಗ್ಲಿಷ್ ಒಂದನ್ನೇ ಇಟ್ಟರೆ ಮನೆಯಲ್ಲಿ ಅವನ ಜೊತೆ ನಿಜವಾಗಿ ಮಾತಾಡುವವರು ಯಾರು ಉಳಿಯುತ್ತಾರೆ?

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಮಾತಿನ ಪರೀಕ್ಷೆ, ಕಿವಿ ಪರೀಕ್ಷೆ ಎರಡೂ ಅಲ್ಲೇ ಆಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ವಾಕ್ ಚಿಕಿತ್ಸೆಯ ವಿಭಾಗ ಇದೆ. ವಾರ ವಾರ ಅಷ್ಟು ದೂರ ಆಗದಿದ್ದರೆ ಒಮ್ಮೆ ಅಲ್ಲಿ ತೋರಿಸಿ, ಏನು ಮಾಡಬೇಕು ಅಂತ ಬರೆಸಿಕೊಂಡು, ಊರಿನ ಹತ್ತಿರದವರ ಬಳಿ ಮುಂದುವರಿಸಿ. ಯಾರ ಹತ್ತಿರ ಹೋದರೂ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಅಂತ ಕೇಳಿ, ಕೇಳುವುದರಲ್ಲಿ ಸಂಕೋಚ ಏನಿಲ್ಲ.

ಮೇಷ್ಟ್ರು, ಚಿತ್ರದುರ್ಗ:

ಶಾಲೆ ಬಗ್ಗೆ ಎರಡು ಮಾತು. ಒಂದೇ ಸಲ ಪೂರ್ತಿ ದಿನ ಕಳಿಸಬೇಡಿ ಮೇಡಂ, ಮೊದಲು ಎರಡು ಗಂಟೆ, ಆಮೇಲೆ ಅರ್ಧ ದಿನ. ನಮ್ಮ ತರಗತಿಯಲ್ಲಿ ಇಂಥ ಒಬ್ಬ ಹುಡುಗನಿದ್ದ. ಊಟದ ಬೆಲ್ ಹೊತ್ತಿಗೆ ಅವನ ಮುಖ ಬಾಡಿರುತ್ತಿತ್ತು, ಬೆಳಿಗ್ಗೆ ಬಂದ ಪದಗಳೂ ಮಧ್ಯಾಹ್ನ ಬರುತ್ತಿರಲಿಲ್ಲ. ಪ್ರಶ್ನೆ ಕೇಳಿದರೆ ಬೆರಳಿಟ್ಟು ತೋರಿಸಲಿ ಅಂತ ಬಿಟ್ಟ ಮೇಲೆ ಅವನಿಗೆ ಎಷ್ಟು ಗೊತ್ತು ಅನ್ನುವುದು ನಮಗೇ ಗೊತ್ತಾಯಿತು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇವೆ. ಅದರಲ್ಲಿ ಮಾತು ಮತ್ತು ಭಾಷೆಯದ್ದೂ ಒಂದು, ಅಫೇಸಿಯಾ ಅನ್ನುವ ಪದವೇ ಅದರಲ್ಲಿದೆ. ಅದೇ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ಪರೀಕ್ಷೆಗೆ ಹೆಚ್ಚಿನ ಸಮಯ, ಬರೆಯಲು ಸಹಾಯಕ, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇವು ಬರುತ್ತವೆ. ಇವತ್ತೇ ಸರ್ಟಿಫಿಕೇಟ್ ಹಿಂದೆ ಓಡಬೇಕು ಅಂತಲ್ಲ, ಮಗು ಚೇತರಿಸಿಕೊಳ್ಳುತ್ತಿದೆ. ಆದರೆ ಥೆರಪಿಯ ವರದಿಗಳನ್ನೆಲ್ಲ ಒಂದು ಫೈಲಿನಲ್ಲಿ ಇಡಿ. ಶಾಲೆಯವರು ಗೊತ್ತಿಲ್ಲ ಅಂದರೆ ಸೆಕ್ಷನ್ ಪ್ರಿಂಟ್ ತೆಗೆದು ತೋರಿಸಿ.

ತರೀಕೆರೆ ಅಮ್ಮ:

ಎಲ್ಲರಿಗೂ ತುಂಬಾ ಧನ್ಯವಾದ. ಓದುತ್ತಾ ಓದುತ್ತಾ ಅತ್ತೆ. ನಿನ್ನೆ ರಾತ್ರಿ ಸುಮ್ಮನೆ ಹತ್ತು ಎಣಿಸಿದೆ, ಏಳಕ್ಕೆ ಬರುವಷ್ಟರಲ್ಲಿ "ಹಾ... ಹಾಲು" ಅಂದ. ಅವನು ಕೇಳಿದ್ದು ಮಜ್ಜಿಗೆ, ಆದರೂ ಪದ ಬಂತಲ್ಲ! ಸೋಮವಾರ ಮೈಸೂರಿಗೆ ಹೊರಟಿದ್ದೇವೆ. ಏನೇನು ತಗೊಂಡು ಬರಬೇಕು?

ವಾಕ್ ಚಿಕಿತ್ಸಕಿ, ಮೈಸೂರು:

ಹಾಲು, ಮಜ್ಜಿಗೆ ಎರಡೂ ಒಂದೇ ಗುಂಪಿನವು, ಪದದ ಹತ್ತಿರಕ್ಕೆ ಬಂದಿದ್ದಾನೆ, ಇದನ್ನು ಅಲ್ಲಿ ನೆನಪಿಟ್ಟು ಹೇಳಿ. ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ಫಿಲ್ಮು, ಈಗ ಕೊಡುತ್ತಿರುವ ಮಾತ್ರೆಗಳ ಚೀಟಿ ಬೇಕು. ಅಪಘಾತಕ್ಕೆ ಮೊದಲಿನ ನೋಟ್‌ಬುಕ್ ಒಂದೆರಡು ತನ್ನಿ. ಫೋನಿನಲ್ಲಿ ಅವನು ಹಿಂದೆ ಮಾತಾಡಿದ ವಿಡಿಯೋ ಏನಾದರೂ ಇದ್ದರೆ, ಹುಟ್ಟುಹಬ್ಬದ್ದೋ ಜಗಳದ್ದೋ ಯಾವುದಾದರೂ ಸರಿ, ಅಳಿಸಬೇಡಿ. ಅವನು ಮೊದಲು ಹೇಗೆ ಮಾತಾಡುತ್ತಿದ್ದ ಅಂತ ನೋಡಲು ಅದೇ ಬೇಕಾಗುವುದು. ಬೆಳಗಿನ ಹೊತ್ತಿಗೇ ತಲುಪಿ, ರಾತ್ರಿ ನಿದ್ದೆ ಸರಿಯಾಗಿ ಆಗಿರಲಿ, ಬಸ್ಸಿನ ಸುಸ್ತಿನಲ್ಲೇ ಪರೀಕ್ಷೆಗೆ ಕೂರಿಸಬೇಡಿ.