ಬಂದ ಪಾರ್ಸೆಲ್ ಬಿಚ್ಚುವ ಉತ್ಸಾಹವೇ ಇರುವುದಿಲ್ಲ, ಆದರೂ ಮತ್ತೆ ಕೊಳ್ಳುತ್ತೇನೆ: ಏಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ರಾತ್ರಿ ಮಲಗುವ ಮುನ್ನ ಮೊಬೈಲ್ ಹಿಡಿದು ಕುಳಿತರೆ, ಐದು ನಿಮಿಷದ ಹಿಂದೆ ನೆನಪಿನಲ್ಲೂ ಇಲ್ಲದಿದ್ದ ವಸ್ತುವೊಂದು ಈಗಲೇ ಬೇಕು ಎನ್ನಿಸಿಬಿಡುತ್ತದೆ. ಆರ್ಡರ್ ಮಾಡಿದ ಮೇಲೆ ಅದು ಎಲ್ಲಿಗೆ ತಲುಪಿದೆ ಎಂದು ದಿನಕ್ಕೆ ಮೂರು ನಾಲ್ಕು ಸಲ ನೋಡುತ್ತೇನೆ. ಕೈಗೆ ಬಂದ ಮೇಲೆ ಆ ಸಡಗರ ಉಳಿದಿರುವುದಿಲ್ಲ. ಕಳೆದ ತಿಂಗಳು ಬಂದ ಎರಡು ಪೆಟ್ಟಿಗೆಗಳು ಮೇಲಿನ ಟೇಪನ್ನೂ ಕೀಳದೆ ಹಾಗೆಯೇ ಕಪಾಟಿನಲ್ಲಿವೆ. ತಿಂಗಳ ಕೊನೆಯಲ್ಲಿ ಖಾತೆ ನೋಡಿ ಇನ್ನು ಸಾಕು ಎಂದುಕೊಳ್ಳುತ್ತೇನೆ, ಆ ನಿರ್ಧಾರ ಒಂದು ವಾರವೂ ನಿಲ್ಲುವುದಿಲ್ಲ. ಇದು ನನ್ನ ಮನೋಬಲದ ಕೊರತೆಯೇ? ಇದರಿಂದ ಹೊರಬಂದವರು ದಯವಿಟ್ಟು ತಿಳಿಸಿ.

ಉತ್ತರ 1

ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಆ ಬಿಚ್ಚದ ಪೆಟ್ಟಿಗೆಗಳಲ್ಲೇ ಇದೆ. ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಅವರು ಮಂಗಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಒಂದು ಸೂಚನೆ ಕಂಡ ಸ್ವಲ್ಪ ಹೊತ್ತಿಗೆ ಹಣ್ಣಿನ ರಸ ಸಿಗುತ್ತದೆ ಎಂಬುದು ಮಂಗಕ್ಕೆ ರೂಢಿಯಾದ ಬಳಿಕ, ಬಯಕೆ, ಪ್ರೇರಣೆಗಳಿಗೆ ಸಂಬಂಧಿಸಿದ ಡೋಪಮೈನ್ ಎಂಬ ಮೆದುಳಿನ ರಾಸಾಯನಿಕವನ್ನು ಸ್ರವಿಸುವ ನರಕೋಶಗಳು ರಸ ಬಾಯಿಗೆ ಬಿದ್ದಾಗ ಸುಮ್ಮನಿದ್ದು, ಸೂಚನೆ ಕಂಡಾಗಲೇ ಚುರುಕಾಗುತ್ತಿದ್ದವು. ಕೊಳ್ಳುವಾಗಲೂ ಹೀಗೆಯೇ ನಡೆಯುತ್ತದೆ ಎಂದು ನನಗನ್ನಿಸುತ್ತದೆ: ಚಿತ್ರ ನೋಡುವುದು, ಬಣ್ಣ ಆರಿಸುವುದು, ಬರುವಿಕೆಗೆ ಕಾಯುವುದು, ಇವುಗಳಲ್ಲೇ ಆನಂದ ಮುಗಿದುಹೋಗಿರುತ್ತದೆ. ಆದ್ದರಿಂದ ಬೇಕೆನಿಸಿದ್ದನ್ನು ದಿನಾಂಕದೊಂದಿಗೆ ಒಂದು ಪುಸ್ತಕದಲ್ಲಿ ಬರೆದಿಟ್ಟು, ಕನಿಷ್ಠ ಮೂರು ದಿನ ಬಿಟ್ಟು ನೋಡಿ. ನನ್ನ ಪುಸ್ತಕದಲ್ಲಿ ಬರೆದ ಎಷ್ಟೋ ವಸ್ತುಗಳನ್ನು ಏಕೆ ಬಯಸಿದ್ದೆ ಎಂಬುದೇ ಈಗ ನನಗೆ ನೆನಪಾಗುವುದಿಲ್ಲ.

ಉತ್ತರ 2

ಮೇಲಿನ ಮಾತು ಸರಿ, ಆದರೆ ಹಣ ಕೊಡುವ ರೀತಿಯನ್ನೂ ಗಮನಿಸಬೇಕು. ಹಣ ಕೈಬಿಡುವಾಗ ಮನಸ್ಸಿಗೆ ಚುರುಕ್ಕೆನ್ನುತ್ತದೆ, ಆ ನೋವೇ ನಮಗೆ ಸಹಜವಾಗಿ ದೊರೆತ ಕಡಿವಾಣ. ಬ್ರಯನ್ ನಟ್ಸನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಮೆದುಳಿನ ಸ್ಕ್ಯಾನ್ ಅಧ್ಯಯನದಲ್ಲಿ, ಬೆಲೆ ಅತಿಯೆನಿಸಿದಾಗ ಇನ್ಸುಲಾ ಎಂಬ ಭಾಗ ಹೆಚ್ಚು ಸಕ್ರಿಯವಾಗುವುದು ಕಂಡುಬಂತು. ನೋವು, ಅಸಹ್ಯದಂತಹ ಅಹಿತಕರ ಅನುಭವಗಳಲ್ಲೂ ಅದರ ಪಾತ್ರವಿದೆ. ಕಾರ್ಡ್ ಈ ನೋವನ್ನು ಮಂಕಾಗಿಸುತ್ತದೆ. ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಂದ್ಯದ ಟಿಕೆಟಿಗೆ ನಗದು ಕೊಡಬೇಕಾದವರಿಗಿಂತ ಕಾರ್ಡಿನಲ್ಲಿ ಕೊಡಬಹುದಾದವರು ಸರಾಸರಿ ಸುಮಾರು ಎರಡು ಪಟ್ಟು ಮೊತ್ತ ಕೊಡಲು ಮುಂದಾದರು. ಕಾರ್ಡಿನ ವಿವರವನ್ನೇ ಉಳಿಸಿಟ್ಟು ಒಂದೇ ಒತ್ತಿನಲ್ಲಿ ಕೊಳ್ಳುವಂತಾದರೆ ಯೋಚಿಸಲು ಉಸಿರಾಡುವಷ್ಟೂ ಬಿಡುವಿರುವುದಿಲ್ಲ.

ನೀವು ಮೊದಲು ಮಾಡಬೇಕಾದ ಕೆಲಸವೆಂದರೆ, ಉಳಿಸಿಟ್ಟ ಕಾರ್ಡ್ ವಿವರವನ್ನು ಎಲ್ಲ ಆಪ್‌ಗಳಿಂದ ಅಳಿಸಿ, ರಿಯಾಯಿತಿಯ ನೋಟಿಫಿಕೇಶನ್ ನಿಲ್ಲಿಸಿ, ಕಾರ್ಡನ್ನು ಬೇರೆ ಕೋಣೆಯಲ್ಲಿಡುವುದು. ರಾತ್ರಿ ಹಾಸಿಗೆಯಿಂದೆದ್ದು, ದೀಪ ಹಾಕಿ, ಹದಿನಾರು ಅಂಕಿಗಳನ್ನು ಒಂದೊಂದಾಗಿ ಒತ್ತುವಷ್ಟರಲ್ಲಿ ಬಹಳಷ್ಟು ಆಸೆಗಳು ತಣ್ಣಗಾಗುತ್ತವೆ.

ಉತ್ತರ 3

ಮನೋಬಲದ ಕೊರತೆ ಎಂದು ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಆ ಅಪರಾಧಿ ಭಾವವೇ ಮನಸ್ಸನ್ನು ಕುಗ್ಗಿಸಿ, ಕುಗ್ಗಿದ ಮನಸ್ಸು ಸಮಾಧಾನಕ್ಕಾಗಿ ಮತ್ತೆ ಕೊಳ್ಳಲು ಹೊರಡುವ ಸುಳಿಯಲ್ಲಿ ನಾನೂ ಹಲವು ವರ್ಷ ಸಿಲುಕಿದ್ದೆ. ಜೆನಿಫರ್ ಲರ್ನರ್ ಮತ್ತು ಸಹ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದುಃಖದ ದೃಶ್ಯ ನೋಡಿದವರು ಅದೇ ವಸ್ತುವಿಗೆ ಉಳಿದವರಿಗಿಂತ ಹೆಚ್ಚು ಬೆಲೆ ಕೊಡಲು ಸಿದ್ಧರಾಗಿದ್ದರು. ಹಾಗಾಗಿ ಕೊಳ್ಳುವ ಮುನ್ನ ಆ ದಿನ ಏನಾಯಿತು ಎಂದು ಒಂದು ಸಾಲು ಬರೆಯಿರಿ. ನನ್ನ ಸಾಲುಗಳಲ್ಲಿ ‘ಮಾತಾಡಲು ಯಾರೂ ಇರಲಿಲ್ಲ’ ಎಂಬುದೇ ಮರಳಿ ಮರಳಿ ಬಂದಿತ್ತು. ಸಾಲ ಬೆಳೆಯುತ್ತಿದ್ದರೆ ಅಥವಾ ಖರೀದಿಯನ್ನು ಮನೆಯವರಿಂದ ಮುಚ್ಚಿಡುವಂತಾಗಿದ್ದರೆ, ತಡಮಾಡದೆ ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಿರಿ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಸಾಲವಿಲ್ಲ, ಆದರೆ ಮುಚ್ಚಿಟ್ಟದ್ದುಂಟು. ಈಗಷ್ಟೇ ಕಾರ್ಡ್ ವಿವರ ಅಳಿಸಿದೆ. ಕಪಾಟಿನ ಪೆಟ್ಟಿಗೆಗಳಲ್ಲಿ ಒಂದನ್ನು ಹಿಂದಿರುಗಿಸಲು ಇನ್ನೂ ನಾಲ್ಕು ದಿನ ಸಮಯವಿದೆ. ಅದನ್ನು ಬಾಗಿಲ ಬಳಿ ತಂದಿಟ್ಟಿದ್ದೇನೆ.