ಸಹಾಯ ಬೇಕು: ದಿಕ್ಸೂಚಿ ಸರಿಪಡಿಸಿಯೂ ಹಡಗು ದಾರಿ ತಪ್ಪಿದ್ದು ಯಾಕೆ?

ಎಲ್ಲರಿಗೂ ನಮಸ್ಕಾರ. ಮಕ್ಕಳ ವಿಜ್ಞಾನ ಮೇಳಕ್ಕೆ ‘ಟೇಲರ್’ ಹಡಗಿನ ದುರಂತ ವಿವರಿಸಬೇಕಿದೆ. 1854ರ ಜನವರಿಯಲ್ಲಿ ಲಿವರ್‌ಪೂಲ್‌ನಿಂದ ಮೆಲ್ಬರ್ನ್‌ಗೆ ಹೊರಟ ಹೊಸ ಕಬ್ಬಿಣದ ಹಡಗು. ಎರಡೇ ದಿನಕ್ಕೆ ಐರ್ಲೆಂಡಿನ ಲ್ಯಾಂಬೇ ದ್ವೀಪದ ಬಂಡೆಗೆ ಬಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಹೆಂಗಸರು, ಮಕ್ಕಳಲ್ಲಿ ಉಳಿದವರು ಬೆರಳೆಣಿಕೆಯಷ್ಟು, ಓದುವಾಗ ಕರುಳು ಚುರ್ ಎನ್ನುತ್ತೆ.

ಕಬ್ಬಿಣ ದಿಕ್ಸೂಚಿಯ ಮುಳ್ಳನ್ನು ಎಳೆಯುತ್ತೆ, ಸರಿ. ಆದರೆ ಹೊರಡುವ ಮೊದಲೇ ಅಯಸ್ಕಾಂತ ಇಟ್ಟು ಸರಿಪಡಿಸಿದ್ದರಲ್ಲ? ಅಲೆಗಳ ಹೊಡೆತಕ್ಕೆ ಹಡಗಿನ ಕಾಂತತ್ವವೇ ಬದಲಾಗುತ್ತೆ ಅಂತ ಆ ಕಾಲದ ಇಂಗ್ಲಿಷ್ ನಾವಿಕ-ವಿಜ್ಞಾನಿ ವಿಲಿಯಂ ಸ್ಕೋರ್ಸ್‌ಬಿ ವಾದಿಸಿದ್ದರು. ಕಬ್ಬಿಣದ ಸರಳನ್ನು ಉತ್ತರ-ದಕ್ಷಿಣ ಹಿಡಿದು ಸುತ್ತಿಗೆಯಲ್ಲಿ ಬಡಿದು ದಿಕ್ಸೂಚಿ ಹತ್ತಿರ ತಂದೆ, ಮುಳ್ಳು ಸರಿಯಿತು. ಅದು ಅಂಗೈಯಗಲದ ಪ್ರಯೋಗ ಆಯ್ತು.

ಇಡೀ ಹಡಗಿಗೆ ಎರಡು ದಿನದ ಅಲೆಗಳೇ ಸಾಕಾ, ಅಥವಾ ಬೇರೆ ಕಾರಣವೂ ಬೇಕಾ? ಭೌತಶಾಸ್ತ್ರ ಬಲ್ಲವರು ದಯವಿಟ್ಟು ತಿಳಿಸಿ.