ಲ್ಯಾಪ್‌ಟಾಪಲ್ಲಿ ಸರಿ ಇರೋ ಸೆಲೆನಿಯಮ್ ಸ್ಕ್ರಿಪ್ಟ್ ಸರ್ವರಲ್ಲಿ ಟೇಬಲ್ ಅರ್ಧ ನುಂಗ್ತಿದೆ, ವಿಂಡೋ ಸೈಜ್ ಹೆಂಗೆ ಸೆಟ್ ಮಾಡೋದು?

ನಾಲೆಪಕ್ಕದಗದ್ದೆ, ಮಂಡ್ಯ

ಎಲ್ರಿಗೂ ನಮಸ್ಕಾರ. ನಮ್ದು ವಿಶ್ವೇಶ್ವರಯ್ಯ ನಾಲೆ ನೀರು ನಂಬ್ಕೊಂಡಿರೋ ಗದ್ದೆ, ಭತ್ತ ಕಬ್ಬು ಎರಡೂ ಇದೆ. ಕನ್ನಂಬಾಡಿ ಕಟ್ಟೆ ತುಂಬೋದು 124.80 ಅಡಿಗೆ, ಅಲ್ಲಿಗೆ ಇನ್ನೆಷ್ಟು ಬಾಕಿ, ಒಳಹರಿವು ಎಷ್ಟು ಅಂತ ಅಪ್ಪಂಗೆ ದಿನಾ ಬೆಳಗ್ಗೆ ಗೊತ್ತಾಗ್ಲೇಬೇಕು, ಅದಕ್ಕೇ ಪೈಥಾನಲ್ಲಿ ಒಂದು ಸೆಲೆನಿಯಮ್ (ಬ್ರೌಸರನ್ನ ತಾನಾಗೇ ಓಡ್ಸೋ ಟೂಲ್) ಸ್ಕ್ರಿಪ್ಟ್ ಬರ್ದು, ನೀರಿನ ಮಟ್ಟ ಹಾಕೋ ಒಂದು ಪೇಜ್ ತೆಗ್ದು ಸ್ಕ್ರೀನ್‌ಶಾಟ್ ಹೊಡ್ದು ವಾಟ್ಸಾಪಿಗೆ ಹಾಕ್ತೀನಿ.

ನನ್ ಲ್ಯಾಪ್‌ಟಾಪಲ್ಲಿ ಏನೂ ತೊಂದ್ರೆ ಇಲ್ಲ. ಸರ್ವರಿಗೆ ಹಾಕಿ ಹೆಡ್‌ಲೆಸ್ (ವಿಂಡೋ ಕಣ್ಣಿಗೆ ಕಾಣದಂಗೆ ಬ್ರೌಸರ್ ಓಡ್ಸೋದು) ಮಾಡಿದ್ ದಿನದಿಂದ ಮೇಲಿನ ಮೆನು ಹೋಗಿ ಮೂರು ಗೆರೆ ಬಂದಿದೆ, ಟೇಬಲಲ್ಲಿ ಜಲಾಶಯದ ಹೆಸರು, ಮಟ್ಟ ಅಷ್ಟೇ ಕಾಣ್ತದೆ, ಬಲಗಡೆ ಒಳಹರಿವು ಕಾಲಮ್ಮೇ ಇಲ್ಲ. ಅಪ್ಪ ಫೋನ್ ಮಾಡಿ "ಒಳಹರಿವು ಎಲ್ಲೋ?" ಅಂತಾರೆ. ಮ್ಯಾಕ್ಸಿಮೈಜ್ ವಿಂಡೋ ಕೊಟ್ಟಿದೀನಿ, ಏನೂ ಬದಲಾಗಿಲ್ಲ. ಸರ್ವರಲ್ಲಿ ಇರೋದು ವಸಿ ಹಳೇ ಕ್ರೋಮ್. ಗೊತ್ತಿರೋರು ಹೇಳಿ.

ಟೆಸ್ಟಿಂಗ್_ಹೆಬ್ಬಾಳ, ಮೈಸೂರು

ಮೊದ್ಲು ಆ ಸ್ಕ್ರೀನ್‌ಶಾಟ್ ಫೈಲಿನ ಪ್ರಾಪರ್ಟೀಸ್ ನೋಡಿ, 800 ಇಂಟು 600 ಇರತ್ತೆ. ಹಳೇ ಹೆಡ್‌ಲೆಸ್ ಕ್ರೋಮಿಗೆ ನೀವೇನೂ ಹೇಳ್ದೇ ಇದ್ರೆ ಅದು ತಗೊಳೋ ಅಳತೆ ಅದು. ಸರ್ವರಿಗೆ ಮಾನಿಟರ್ರೇ ಇಲ್ವಲ್ಲ, ಮ್ಯಾಕ್ಸಿಮೈಜ್ ಅಂದ್ರೆ ಯಾವ ಪರದೆ ತುಂಬ ಹರಡ್ಕೋಬೇಕು ಅದು? 800 ಪಿಕ್ಸೆಲ್ ಅಗಲ ಸಿಕ್ಕಿದ ಪೇಜು ಇದ್ಯಾವ್ದೋ ಟ್ಯಾಬ್ಲೆಟ್ ಅಂದ್ಕೊಂಡು ಮೆನು ಮಡಚಿ, ಕಾಲಮ್ ಮುಚ್ಚಿಡತ್ತೆ. ಬೂಟ್‌ಸ್ಟ್ರ್ಯಾಪಲ್ಲಿ (ಪೇಜ್ ಡಿಸೈನಿಗೆ ಬಳಸೋ ರೆಡಿಮೇಡ್ ಕಿಟ್) ಮಾಡಿರೋ ಪೇಜಾದ್ರೆ ಸಾಮಾನ್ಯವಾಗಿ 992 ಪಿಕ್ಸೆಲ್ ದಾಟಿದ್ ಮೇಲೇನೆ ಪೂರ್ತಿ ಮೆನು ಬಿಚ್ಕೊಳತ್ತೆ.

ಕ್ರೋಮ್ ಆಪ್ಷನ್ಸಲ್ಲಿ ವಿಂಡೋ ಸೈಜ್ ಆರ್ಗ್ಯುಮೆಂಟ್ ಕೊಡಿ, ಮುಂದೆ ಎರಡು ಅಡ್ಡಗೆರೆ, 1920 ಆಮೇಲೆ 1080, ಮಧ್ಯೆ ಕಾಮಾ, ಸ್ಪೇಸ್ ಬೇಡ. ಸೆಟ್ ವಿಂಡೋ ಸೈಜ್ ಅಂತ ಡ್ರೈವರಿಗೆ (ಸ್ಕ್ರಿಪ್ಟಲ್ಲಿ ಬ್ರೌಸರ್ ನಡ್ಸೋದು ಅದೇ) ಹೇಳಿದ್ರೂ ಆಗತ್ತೆ, ಆದ್ರೆ ಪೇಜ್ ತೆಗಿಯೋಕ್ ಮುಂಚೆ ಹೇಳಿ, ಕೆಲವು ಟೇಬಲ್ಲು ಲೋಡ್ ಆಗ್ಬೇಕಾದ್ರೆ ಒಂದ್ಸಲ ಅಗಲ ಅಳ್ಕೊಂಡು ಆಮೇಲೆ ತಿರುಗಿ ನೋಡಲ್ಲ.

ಕುಕ್ಕರಹಳ್ಳಿ_ವಾಕಿಂಗ್, ಮೈಸೂರು

ಮೇಲಿನವ್ರು ಹೇಳಿದ್ದು ಸರಿ, ಒಂದು ಸೇರಿಸ್ತೀನಿ, ನಾನು ಇದಕ್ಕೇ ಎರಡು ದಿನ ಕಳ್ಕೊಂಡಿದೀನಿ. ವಿಂಡೋ ಸೈಜು ಬೇರೆ, ಪೇಜಿಗೆ ಸಿಗೋ ಜಾಗ ಬೇರೆ. ಸೆಟ್ ವಿಂಡೋ ಸೈಜ್ ಅಳೆಯೋದು ಹೊರಗಿನ ಚೌಕಟ್ಟನ್ನ. ಟ್ಯಾಬ್ ಪಟ್ಟಿ, ಅಡ್ರೆಸ್ ಬಾರ್ ಎಲ್ಲಾ ಕಳೆದು ಉಳಿದಿದ್ದೇ ವ್ಯೂಪೋರ್ಟ್. 2023ರಲ್ಲಿ ಕ್ರೋಮ್ 112ರಿಂದ ಬಂದ ಹೊಸ ಹೆಡ್‌ಲೆಸ್ ನಿಜವಾದ ಬ್ರೌಸರೇ ಕಣ್ಣಿಗೆ ಕಾಣದಂಗೆ ಓಡೋದು, ಹಾಗಾಗಿ ನಾಳೆ ಕ್ರೋಮ್ ಅಪ್‌ಡೇಟ್ ಮಾಡಿದ್ರೆ ಅಲ್ಲೂ ನೀವು ಕೊಟ್ಟ ಎತ್ತರ ಪೂರ್ತಿ ಪೇಜಿಗೆ ಸಿಗಲ್ಲ. ಎಕ್ಸಿಕ್ಯೂಟ್ ಸ್ಕ್ರಿಪ್ಟಲ್ಲಿ ಇನ್ನರ್ ವಿಡ್ತ್, ಇನ್ನರ್ ಹೈಟ್ ಪ್ರಿಂಟ್ ಮಾಡಿ ನೋಡಿ. ಕರೆಕ್ಟ್ ಅಳತೆನೇ ಬೇಕಂದ್ರೆ ಔಟರಿಗೂ ಇನ್ನರಿಗೂ ಇರೋ ವ್ಯತ್ಯಾಸ ಕೂಡಿಸಿ ಮತ್ತೊಂದ್ಸಲ ಸೈಜ್ ಸೆಟ್ ಮಾಡಿ.

ಲ್ಯಾಪ್‌ಟಾಪಲ್ಲೂ ಪ್ರಿಂಟ್ ಮಾಡಿ ನೋಡಿ. ವಿಂಡೋಸಲ್ಲಿ ಸ್ಕೇಲಿಂಗ್ 125 ಪರ್ಸೆಂಟ್ ಇದ್ರೆ 1920ರ ಪರದೆ ಪೇಜಿನ ಲೆಕ್ಕದಲ್ಲಿ 1536 ಅಷ್ಟೇ.

ಸೆಲೆನಿಯಮ್ ಥರದ್ದೇ ಇನ್ನೊಂದು ಟೂಲ್ ಪ್ಲೇರೈಟಿಗೆ ಹೋದ್ರೆ ಈ ಗೊಂದಲ ಕಮ್ಮಿ, ಅದು ನೇರ ವ್ಯೂಪೋರ್ಟನ್ನೇ ಕೇಳತ್ತೆ, ನೀವು ಕೊಡದಿದ್ರೆ 1280 ಇಂಟು 720 ತಗೊಳತ್ತೆ. ಒಂದು ಸ್ಕ್ರಿಪ್ಟಿಗೋಸ್ಕರ ಎಲ್ಲಾ ಬದಲಾಯಿಸಿ ಅಂತ ನಾನಂತೂ ಹೇಳಲ್ಲ.

ನಾಲೆಪಕ್ಕದಗದ್ದೆ, ಮಂಡ್ಯ

ಅಣ್ಣ, ಇಬ್ರಿಗೂ ತುಂಬಾ ಥ್ಯಾಂಕ್ಸ್. ಪ್ರಿಂಟ್ ಮಾಡಿದ್ರೆ ಸರ್ವರಲ್ಲಿ 800, ಲ್ಯಾಪ್‌ಟಾಪಲ್ಲಿ 1536, ಹೇಳಿದಂಗೇ ಬಂತು. ಆರ್ಗ್ಯುಮೆಂಟ್ ಹಾಕಿದ್ ಮೇಲೂ 800 ಅಂತಾನೇ ಬರ್ತಿತ್ತು, ಆಮೇಲೆ ನೋಡಿದ್ರೆ ಡ್ರೈವರ್ ಶುರು ಆಗೋ ಸಾಲಿನ ಕೆಳಗೆ ಅದನ್ನ ಬರ್ದಿದೀನಿ, ಮೇಲಕ್ಕೆ ತಂದ್ ತಕ್ಷಣ 1920 ಬಂತು, ಕಾಲಮ್ ಎಲ್ಲಾ ಇದೆ. ಈಗ ಇನ್ನೊಂದು ಕಷ್ಟ: ಅಪ್ಪನ ಫೋನಲ್ಲಿ ಆ ಚಿತ್ರ ಇರುವೆ ಸಾಲಿನ ಥರ ಕಾಣ್ತದೆ, ಕನ್ನಡಕ ಹಾಕ್ಕೊಂಡ್ರೂ ಓದಕ್ಕಾಗಲ್ಲ ಅಂತಾರೆ.

ಟೆಸ್ಟಿಂಗ್_ಹೆಬ್ಬಾಳ, ಮೈಸೂರು

ಅಷ್ಟಗಲ ಬೇಡ ಹಾಗಾದ್ರೆ. 1024 ಇಟ್ಟು ನೋಡಿ, ಕಾಲಮ್ ಉಳ್ಕೊಂಡ್ರೆ ಅದೇ ಸಾಕು. ಆಮೇಲೆ ಪೂರ್ತಿ ಪೇಜ್ ಹೊಡೀಬೇಡಿ, ಆ ಟೇಬಲ್ ಎಲಿಮೆಂಟನ್ನ ಹುಡುಕಿ ಅದರದ್ದಷ್ಟೇ ಸ್ಕ್ರೀನ್‌ಶಾಟ್ ತಗೊಳಿ, ಸೆಲೆನಿಯಮಲ್ಲೇ ಆ ಸೌಲಭ್ಯ ಇದೆ. ಮೆನು, ಲೋಗೋ, ಪಕ್ಕದ ಖಾಲಿ ಜಾಗ ಎಲ್ಲಾ ಹೋಗಿ ಬರೀ ಅಂಕಿ ಉಳಿಯತ್ತೆ, ಫೋನಲ್ಲಿ ಅಕ್ಷರ ದಪ್ಪ ಕಾಣತ್ತೆ.

ನಾಲೆಪಕ್ಕದಗದ್ದೆ, ಮಂಡ್ಯ

1024ಕ್ಕೆ ಒಳಹರಿವು, ಹೊರಹರಿವು ಎರಡೂ ಬಂತಣ್ಣ. ಟೇಬಲ್ ಅಷ್ಟೇ ಕಳ್ಸಿದೆ. ಅಪ್ಪ ಆಗ್ಲೇ ಅದನ್ನ ಪಕ್ಕದ ಗದ್ದೆಯೋರಿಗೆ ಫಾರ್ವರ್ಡ್ ಮಾಡವ್ರೆ.